ಕೃತಕದೇಹವಿಲ್ಲದ ಪರೀಕ್ಷೆ: ಒಂದು ಪ್ರಮಾಣವಿಚಾರ

ಮಾಯಸಂದ್ರದ ಸೀಮೆಯಲ್ಲಿ ಉಂಡೆಕೊಬ್ಬರಿಯನ್ನು ಮಾಡುವ ಕ್ರಮವು ಪ್ರಸಿದ್ಧವಾದುದು. ತಿಂಗಳುಗಟ್ಟಲೆ ಅಟ್ಟದ ಮೇಲಿರಿಸಿದ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿಯು ಕರಟವನ್ನು ಬಿಟ್ಟಿತೆಂಬುದನ್ನು ರೈತನು ಕಾಯನ್ನು ಅಲುಗಿಸಿ, ಸದ್ದಿನಿಂದಲೇ ಅರಿಯುವನು. ಒಂದೊಂದನ್ನೂ ಒಡೆದು ನೋಡುವುದಿಲ್ಲ. ಆದರೆ ಅವನ ಕಿವಿಗೆ ಆ ಶಕ್ತಿ ಬಂದುದು ಹಿಂದೆ ಅನೇಕ ಕಾಯಿಗಳನ್ನು ಒಡೆದು ನೋಡಿದುದರಿಂದ. ಅರ್ಬುದರೋಗದ ಕಿರಣಚಿಕಿತ್ಸೆಯಲ್ಲಿ ಈಗ ನಡೆದಿರುವ ವಿವಾದದ ಮರ್ಮವೂ ಇದೇ ಆಗಿದೆ.

ರೋಗಿಗೆ ಕೊಡತಕ್ಕ ಕಿರಣದ ಯೋಜನೆಯನ್ನು ಗಣಕಯಂತ್ರವು ಲೆಕ್ಕಹಾಕುವುದು. ಚಲಿಸುವ ಟಂಗ್‌ಸ್ಟನ್ ಫಲಕಗಳು ಕಿರಣವನ್ನು ಗೆಡ್ಡೆಯ ಆಕಾರಕ್ಕೆ ತಿದ್ದುವುವು. ಚಿಕಿತ್ಸೆಗೆ ಮೊದಲು ಫ್ಯಾಂಟಮ್ ಎಂಬ ಕೃತಕದೇಹದ ಮೇಲೆ ಅದೇ ಕಿರಣವನ್ನು ಬಿಟ್ಟು ಅಳೆಯುವುದು ರೂಢಿ. 1998ರಲ್ಲಿ ಪ್ರಕಟವಾದ ಗಾಮಾ ಸೂಚಿಯಿಂದ ಲೆಕ್ಕವನ್ನೂ ಅಳತೆಯನ್ನೂ ಹೋಲಿಸುವರು. ಅಮೆರಿಕದ ವೈದ್ಯಭೌತವಿಜ್ಞಾನಿಗಳ ಸಂಘದ 2018ರ ವರದಿಯು ಶೇಕಡಾ 3 ಮತ್ತು 2 ಮಿಲಿಮೀಟರುಗಳ ಮಿತಿಯೊಳಗೆ ಶೇಕಡಾ 95 ಬಿಂದುಗಳು ಹೊಂದಬೇಕೆಂದು ವಿಧಿಸಿತು.

ಈ ಅಳತೆಗೆ ಯಂತ್ರದ ಹೊತ್ತು ಬೇಕು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂತಹ ಕಡೆ ದೂರದೂರದ ಊರುಗಳಿಂದ ಬಂದು ಸರದಿ ಕಾಯುವವರಿಗೆ ಆ ಹೊತ್ತಿನ ಬೆಲೆ ಅಲ್ಪವಲ್ಲ. ಆದುದರಿಂದ, ಬೇರೊಂದು ಗಣಕಕ್ರಮದಿಂದ ಮರುಲೆಕ್ಕ ಮಾಡಿ, ಯಂತ್ರವು ತಾನೇ ಬರೆದಿಟ್ಟ ಚಲನದಾಖಲೆಯನ್ನು ಪರಿಶೀಲಿಸಿದರೆ ಸಾಲದೆ ಎಂಬುದು ಹೊಸಪಕ್ಷದ ಪ್ರಶ್ನೆ.

ಈ ಪಕ್ಷವು ನಿರಾಧಾರವಾದುದಲ್ಲ. ಆಸ್ಪತ್ರೆಗಳ ಅಳತೆಯಲ್ಲಿ ತೇರ್ಗಡೆಯಾದ ಯೋಜನೆಗಳಲ್ಲಿಯೂ ದೋಷವಿರಬಹುದೆಂದು ಕ್ರೈ ಮತ್ತು ಸಹೋದ್ಯೋಗಿಗಳು 2014ರಲ್ಲಿ ತೋರಿಸಿದರು. ದೋಷವನ್ನು ಹಿಡಿಯುವುದರಲ್ಲಿ ಸ್ವತಂತ್ರವಾದ ಮರುಲೆಕ್ಕವೇ ಮೇಲೆಂದು ಅವರ ಬಳಗವೇ 2019ರಲ್ಲಿ ಸಾಧಿಸಿತು. ಆದರೆ ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಯೋಜನೆಯು ದುಷ್ಟವೋ ಶುದ್ಧವೋ ಎಂದು ಆ ಪರೀಕ್ಷೆಯಲ್ಲಿ ತೀರ್ಪಿತ್ತುದು ಹೊರಗಿನ ಸಂಸ್ಥೆಯೊಂದು ಕಳುಹಿಸಿದ, ಮನುಷ್ಯಾಕೃತಿಯ ಫ್ಯಾಂಟಮ್ಮೇ! ಕೃತಕದೇಹವನ್ನು ಕೆಳಗಿಳಿಸಿದ ವಾದಕ್ಕೂ ಕೃತಕದೇಹವೇ ಸಾಕ್ಷಿಯಾಯಿತು.

ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಅನುಮಾನವು ಪ್ರತ್ಯಕ್ಷಪೂರ್ವಕವಾದುದು. ಮರುಲೆಕ್ಕವು ಅನುಮಾನ. ಮೊದಲನೆಯ ಲೆಕ್ಕದ ಕಿರಣದತ್ತಾಂಶವನ್ನೇ ಅದೂ ಬಳಸಿದರೆ ಒಂದೇ ತಪ್ಪು ಎರಡು ಬಾರಿ ಒಪ್ಪಿಗೆ ಪಡೆಯುವುದು. ಚಲನದಾಖಲೆಯಂತೂ ಯಂತ್ರದ ಸ್ವಸಾಕ್ಷ್ಯ. ಫಲಕದ ಸ್ಥಾನವನ್ನು ಅಳೆಯುವ ಅಂಗವೇ ಸರಿದಿದ್ದರೆ ದಾಖಲೆಯು ಸುಳ್ಳನ್ನೇ ನಿಷ್ಠೆಯಿಂದ ಬರೆದಿಡುವುದು.

ಹಾಗೆಂದು ಹಳೆಯ ಪಕ್ಷವೇ ಗೆದ್ದಿತೆನ್ನಲಾಗದು. ನ್ಯೂಯಾರ್ಕಿನಲ್ಲಿ 2005ರಲ್ಲಿ ಗಣಕವು ಕೆಟ್ಟು, ಫಲಕಗಳ ಆದೇಶವು ಯೋಜನೆಯಿಂದ ಅಳಿಸಿಹೋಗಿ, ರೋಗಿಯೊಬ್ಬನಿಗೆ ಮೂರು ಬಾರಿ ತೆರೆದ ಕಿರಣವು ತಗುಲಿತು, ಅವನು ಬದುಕಲಿಲ್ಲ. ಪರೀಕ್ಷೆಯು ಚಿಕಿತ್ಸೆಯ ತರುವಾಯ ನಡೆದುದೇ ಅಲ್ಲಿನ ಅನರ್ಥ. ಅಂದು ಬದಲಾದ ಯೋಜನೆಯನ್ನು ಕಿರಣ ಬಿಡುವ ಮೊದಲು ಮತ್ತೊಬ್ಬನು ಗಣಕದಲ್ಲಿ ಪರಿಶೀಲಿಸಿದ್ದರೂ ಸಾಕಾಗುತ್ತಿತ್ತು. ತಡವಾದ ಪ್ರತ್ಯಕ್ಷಕ್ಕಿಂತ ಸಕಾಲದ ಅನುಮಾನವೇ ಲೇಸು.

ಆದಕಾರಣ ವಿವೇಕದ ದಾರಿ ಇದು: ಪ್ರತಿ ರೋಗಿಯ ಯೋಜನೆಗೂ, ಬೇರೆಯೇ ಆಧಾರವುಳ್ಳ ಮರುಲೆಕ್ಕ, ಯಂತ್ರಕ್ಕೆ ನಿಯತಕಾಲದಲ್ಲಿ ಫ್ಯಾಂಟಮ್ಮಿನ ಅಳತೆ, ಹೊಸ ಅಥವಾ ಕ್ಲಿಷ್ಟ ವಿಧಾನಗಳಿಗೆ ಎರಡೂ. ಉಳಿದ ಹೊತ್ತು ಸರದಿಯಲ್ಲಿರುವ ರೋಗಿಗೆ ಸಲ್ಲಲಿ. ಎಲ್ಲ ಕಾಯನ್ನೂ ಒಡೆಯಬೇಕಾಗಿಲ್ಲ. ಒಂದನ್ನೂ ಒಡೆಯದವನ ಕಿವಿಯನ್ನು ನಂಬುವಂತೆಯೂ ಇಲ್ಲ.