ಸೋಮನಾಥಪುರದ ಕೋತಿಗಳೂ ದೇವಸ್ವರೂಪದ ಪ್ರಶ್ನೆಯೂ

ಮಾನವವಿಕಾಸವನ್ನು ಅರಿಯಲು ವಾನರವರ್ಗದ ನಡವಳಿಕೆಯನ್ನು ಅಭ್ಯಾಸಮಾಡಬೇಕೆಂಬ ಮತವನ್ನು ಕಳೆದ ಶತಮಾನದ ಮಧ್ಯಭಾಗದಲ್ಲಿ ಬಲವಾಗಿ ಮಂಡಿಸಿದವರು ಅಮೆರಿಕದ ಮಾನವಶಾಸ್ತ್ರಜ್ಞ ಶೆರ್ವುಡ್ ವಾಶ್‌ಬರ್ನ್. ಆ ಪರಂಪರೆಯ ಒಂದು ಅಧ್ಯಯನ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿಯೇ ನಡೆಯಿತು. 1960ರ ದಶಕದ ಆದಿಯಲ್ಲಿ ಪಾಲ್ ಸೈಮಂಡ್ಸ್ ಅಲ್ಲಿಯ ಕೋತಿಗಳನ್ನು ಗಮನಿಸಿ ಬರೆದ ಪ್ರಬಂಧವು 1965ರಲ್ಲಿ ಇರ್ವೆನ್ ಡಿವೋರ್ ಸಂಪಾದಿಸಿದ ಗ್ರಂಥದಲ್ಲಿ ಪ್ರಕಟವಾಯಿತು. ನಂಜನಗೂಡು, ನರಸೀಪುರಗಳ ಸಭೆಗಳಲ್ಲಿ ಬೋಧಿಸುವವರು ಅದನ್ನು ಓದತಕ್ಕದ್ದು.

ತಾಳ್ಮೆಯ ವೀಕ್ಷಣೆಯೇ ಈ ಪ್ರಬಂಧದ ಹಿರಿಮೆ. ಕೆನ್ಯಾದ ಬಬೂನುಗಳನ್ನು ಅಭ್ಯಸಿಸಿದ ವಾಶ್‌ಬರ್ನ್ ಹಾಗೂ ಡಿವೋರ್, ಗಂಡುಗಳ ಮೇಲ್ಗೈಯನ್ನೂ ಕಾವಲನ್ನೂ ಗುಂಪಿನ ಬೆನ್ನೆಲುಬಾಗಿ ಕಂಡರು. ಸೋಮನಾಥಪುರದಲ್ಲಿಯೂ ಮೇಲುಕೀಳು ಇರದಿರಲಿಲ್ಲ; ಆದರೆ ಬೆಳೆದ ಗಂಡುಗಳು ಒಂದನ್ನೊಂದು ಅಪ್ಪಿ ಕೂರುತ್ತಿದ್ದವು, ಹೇನು ಹೆಕ್ಕುತ್ತಿದ್ದವು, ಮರಿಗಳೊಡನೆ ಆಡುತ್ತಿದ್ದವು.

ಹಾಗಾದರೆ ನಮ್ಮ ಪೂರ್ವಜರು ಯಾರನ್ನು ಹೋಲುತ್ತಿದ್ದರು? ಇಲ್ಲಿಯೇ ಈ ವಿಧಾನದ ದೌರ್ಬಲ್ಯ ತೋರುತ್ತದೆ. ಇವು ಬಾಲವಿಲ್ಲದ ಮಹಾವಾನರಗಳೂ ಅಲ್ಲ. ಇವುಗಳ ವಂಶವೂ ನಮ್ಮದೂ ಬೇರ್ಪಟ್ಟು ಸುಮಾರು 2.5 ಕೋಟಿ ವರ್ಷಗಳಾದವೆಂದು ವಿಜ್ಞಾನವೇ ಹೇಳುತ್ತದೆ. ಅಷ್ಟೂ ಕಾಲ ಅವೂ ಬದಲಾಗುತ್ತ ಬಂದಿವೆ. ಆರಿಸಿಕೊಂಡ ಪ್ರಾಣಿಗೆ ತಕ್ಕಂತೆ ಮನುಷ್ಯಸ್ವಭಾವವೂ ಬೇರೆಬೇರೆಯಾಗಿ ತೋರುವುದಾದರೆ, ನಮಗೆ ಕಾಣಿಸುತ್ತಿರುವುದು ಪೂರ್ವಜನಲ್ಲ, ನಮ್ಮ ಪೂರ್ವಗ್ರಹ.

ಈ ತಪ್ಪು ವಿಜ್ಞಾನಿಗಳದು ಮಾತ್ರವಲ್ಲ. ಪ್ರಸಂಗಪೀಠದಿಂದ ನಾವು ಕ್ರೌರ್ಯವನ್ನು ‘ಮೃಗತನ’ವೆಂದು ಕರೆದು ನಮ್ಮ ಪಾಪವನ್ನು ಪ್ರಾಣಿಗಳ ತಲೆಗೆ ಕಟ್ಟುತ್ತೇವೆ. ಕಾಯಿನನು ಮೃಗವಾಗಿರಲಿಲ್ಲ, ದೇವರ ಪ್ರಶ್ನೆಗೆ ಉತ್ತರ ಕೊಡಬೇಕಾದ ಮನುಷ್ಯನಾಗಿದ್ದನು. ಆದಿಕಾಂಡದ 1ನೇ ಅಧ್ಯಾಯದಲ್ಲಿ ಕಾಡುಮೃಗಗಳೂ ಮನುಷ್ಯನೂ ಒಂದೇ ದಿನದ ಸೃಷ್ಟಿ. 2ನೇ ಅಧ್ಯಾಯದಲ್ಲಿ ಒಂದೇ ನೆಲದ ಮಣ್ಣು. ಈ ನಂಟನ್ನು ಮರೆಮಾಡದೆಯೇ ಶಾಸ್ತ್ರವು ಮನುಷ್ಯನಿಗೆ ದೇವಸ್ವರೂಪವನ್ನು ಹೇಳುತ್ತದೆ. ಆದುದರಿಂದ ಆ ಸ್ವರೂಪವನ್ನು ದೇಹರಚನೆಯ ವ್ಯತ್ಯಾಸದಲ್ಲಿ ಹುಡುಕಬೇಕಾಗಿಲ್ಲ; ಅದು ಹೊಣೆಗಾರಿಕೆಗೆ ಬಂದ ಕರೆ.

ಆ ಹೊಣೆಯನ್ನು ಅಳೆಯಲು ದೂರ ಹೋಗಬೇಕಾಗಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಸಂಗಡಿಗರು 1989ರಿಂದ 2009ರವರೆಗೆ ಮೈಸೂರಿನ ಸುತ್ತಲಿನ ರಸ್ತೆಗಳಲ್ಲಿ ನಡೆಸಿದ ಎಣಿಕೆಗಳಲ್ಲಿ ಕೋತಿಗಳ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ರಸ್ತೆಬದಿಯ ಆಲ, ಅತ್ತಿ ಜಾತಿಯ ಮರಗಳು ಇಲ್ಲವಾದದ್ದು ಅದಕ್ಕೆ ಮುಖ್ಯ ಕಾರಣ. ತೋಟವನ್ನು ಕಾಯುವುದಕ್ಕೆ ನೇಮಕವಾದವನ ಹಿರಿಮೆಯನ್ನು ಕುರಿತು ಪ್ರಸಂಗಿಸುವಾಗ ಬೋಧಕರು ಈ ಲೆಕ್ಕವನ್ನೂ ಮುಂದಿಟ್ಟುಕೊಳ್ಳುವುದು ಉಚಿತ.