ಕಾಂಕ್ರೀಟ್ ಕಳಚಿದ ಮೇಲೆ ಕಂಡ ಮಸೀದಿ

ಕೇರಳದ ಕೊಡುಂಗಲ್ಲೂರಿನ ಚೇರಮಾನ್ ಜುಮಾ ಮಸೀದಿಯನ್ನು ಹತ್ತಿಪ್ಪತ್ತು ವರ್ಷಗಳ ಹಿಂದೆ ನೋಡಿದವರಿಗೆ ನೆನಪಿರುವುದು ಬಿಳಿಯ ಕಾಂಕ್ರೀಟ್ ಮುಂಭಾಗ, ಗುಮ್ಮಟ ಮತ್ತು ಮಿನಾರ. ಕ್ರಿ.ಶ. 629ರಲ್ಲಿ ಕಟ್ಟಿದ್ದೆಂದು ಪ್ರತೀತಿಯಿರುವ, ಭಾರತದ ಮೊದಲ ಮಸೀದಿಯೆಂದೇ ಹೆಸರಾದ ಅದು ಹೊರಗಿನಿಂದ ಮೊನ್ನೆ ಮೊನ್ನೆ ಕಟ್ಟಿದಂತಿತ್ತು. ಹಳೆಯ ಒಳಭಾಗ ಮಾತ್ರ ಕಾಂಕ್ರೀಟಿನ ಹೊಟ್ಟೆಯೊಳಗೆ ಉಳಿದುಕೊಂಡಿತ್ತು.

ಹಾಗೆ ಮಾಡಿದವರನ್ನು ದೂರಿ ಪ್ರಯೋಜನವಿಲ್ಲ. ಜುಮಾಕ್ಕೆ ಬರುವವರು ಹೆಚ್ಚಿದರು, ಜಾಗ ಸಾಲದಾಯಿತು. 1970ರ ದಶಕದಿಂದೀಚೆಗೆ ಕಟ್ಟಡ ಹಂತಹಂತವಾಗಿ ಹಿಗ್ಗಿತು. ನಮ್ಮೂರಿನ ಜಮಾಅತ್‌ಗಳ ಕಥೆಯೂ ಬೇರೆಯಲ್ಲ. ಆದರೆ ಜಾಗ ಬೇಕೆಂಬ ಬೇಡಿಕೆಯ ಜೊತೆಗೆ, ಮಸೀದಿಯೆಂದರೆ ಹೀಗೆಯೇ ಕಾಣಬೇಕೆಂಬ ಇನ್ನೊಂದು ಆಸೆಯೂ ಸದ್ದಿಲ್ಲದೆ ಒಳನುಗ್ಗಿತು. ಮಿನಾರವಿಲ್ಲದ, ಹೆಂಚಿನ ಇಳಿಮಾಡಿನ ಮಸೀದಿ ಬಡತನದ ಗುರುತೆಂದು ನಮಗೇಕೆ ಅನ್ನಿಸಿತು?

ಮುಝಿರಿಸ್ ಪರಂಪರೆ ಯೋಜನೆಯಡಿ ಈ ಮಸೀದಿಯ ಜೀರ್ಣೋದ್ಧಾರಕ್ಕೆ ಕೈಹಾಕಿದವರು ವಾಸ್ತುಶಿಲ್ಪಿ ಬೆನ್ನಿ ಕುರಿಯಾಕೋಸ್. ಲಾರಿ ಬೇಕರ್ ಜೊತೆ ಪಳಗಿದ ಕೇರಳದವರೇ. ಅವರ ಯೋಜನೆಯ ತಿರುಳು ಸರಳ: ಇತ್ತೀಚೆಗೆ ಸೇರಿಸಿದ್ದನ್ನು ಕಳಚಿ ಹೆಂಚಿನ ಮಾಡಿನ ಹಳೆಯ ರೂಪವನ್ನು ಮರಳಿ ತರುವುದು, ಹೆಚ್ಚಿನ ಜನರಿಗೆ ಬೇಕಾದ ನಮಾಝಿನ ಸಭಾಂಗಣವನ್ನು ನೆಲದಡಿಗೆ ಒಯ್ಯುವುದು. ಈ ಎರಡನೆಯ ನಿರ್ಧಾರವೇ ನಮಗೆ ಮುಖ್ಯವಾಗಿ ಕಾಣುವುದು. ಮಸೀದಿ ವಸ್ತುಸಂಗ್ರಹಾಲಯವಲ್ಲ. ದಿನಕ್ಕೆ ಐದು ಬಾರಿ ಜನ ಬರುವ ಜಾಗ. ಅವರಿಗೆ ಸ್ಥಳ ಕೊಡದೆ ಹಳತನ್ನು ಉಳಿಸಿ ಎಂದರೆ ಯಾವ ಕಮಿಟಿ ಕೇಳೀತು?

ನಮ್ಮದೊಂದು ತಕರಾರೂ ಇದೆ. ಕೊಡುಂಗಲ್ಲೂರು ಕಡಲು, ಹಿನ್ನೀರುಗಳ ನಡುವಿನ ತಗ್ಗು ನೆಲ. ಅಂಥಲ್ಲಿ ನೆಲಮಾಳಿಗೆಯೆಂದರೆ ಪ್ರತಿ ಮಳೆಗಾಲವೂ ಪರೀಕ್ಷೆಯೇ. ಮಂಡಿನೋವಿನ ಹಿರಿಯರಿಗೆ ಮೆಟ್ಟಿಲೂ ಸಣ್ಣ ಮಾತಲ್ಲ. ಹೊರನೋಟಕ್ಕಾಗಿ ಬಳಸುವವರು ತೆರಬೇಕಾದ ಬೆಲೆಯಿದು.

ಆದರೂ ಸ್ಥಳೀಯ ವಾಸ್ತುಶಿಲ್ಪಿಯ ಬೆಲೆ ತಿಳಿಯುವುದು ಇಂಥ ಕೆಲಸದಲ್ಲೇ. ಮುರಕಲ್ಲು ನೀರು ಕುಡಿಯುವ ಕಲ್ಲು. ಸುಣ್ಣದ ಗಾರೆ ಆ ತೇವವನ್ನು ಹೊರಬಿಡುತ್ತದೆ, ಸಿಮೆಂಟ್ ಒಳಗೇ ಹಿಡಿದಿಟ್ಟು ಗೋಡೆಯನ್ನು ಕೊರೆಯುತ್ತದೆ. ಮಾಡಿನ ಇಳಿಜಾರು, ಸೂರಿನ ಚಾಚು, ಇವು ಅಲಂಕಾರವಲ್ಲ, ಮಳೆಯ ಲೆಕ್ಕ. ಈ ಲೆಕ್ಕ ಬಲ್ಲ ಆಚಾರಿಗಳೇ ಇಲ್ಲಿ ದೇವಸ್ಥಾನಕ್ಕೂ ಮಸೀದಿಗೂ ಮರ ಕೆತ್ತಿದವರು. ಅವರ ಮಕ್ಕಳಿಗೆ ಕೆಲಸವಿಲ್ಲದಾದರೆ, ವಾಸ್ತುಶಿಲ್ಪಿ ಎಷ್ಟು ಚೆಂದದ ನಕ್ಷೆ ಬರೆದರೇನು?

ಇದು ದೂರದೂರಿನ ಮಾತಲ್ಲ. ಮಲಿಕ್ ದೀನಾರ್ ಬಳಗದ ಹೆಸರಿನೊಂದಿಗೆ ಬೆಸೆದುಕೊಂಡ ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಕೆತ್ತನೆಯ ಮರಗೆಲಸ ಇನ್ನೂ ಇದೆ. ಕರಾವಳಿಯ ಎಷ್ಟೋ ಸಣ್ಣ ಮಸೀದಿಗಳಿಗೆ ಆ ಭಾಗ್ಯವಿಲ್ಲ. ಕಂಟ್ರಾಕ್ಟರ್ ಬರುತ್ತಾನೆ, ಒಂದು ವಾರದಲ್ಲಿ ಮಾಡು ಇಳಿಯುತ್ತದೆ, ಪಕ್ಕಾಸುಗಳು ಸೌದೆಯ ಬೆಲೆಗೆ ಹೋಗುತ್ತವೆ. ಕೆಡವುವ ಮುಂಚೆ ಯಾರನ್ನಾದರೂ ಕರೆಸಿ ಅಳತೆ ತೆಗೆಸಿ ನಕ್ಷೆ ಮಾಡಿಟ್ಟಿದ್ದಾರೆಯೇ ಎಂದು ವಿಚಾರಿಸಿದರೆ, ಕಮಿಟಿಯವರು ನಮ್ಮ ಮುಖವನ್ನೇ ನೋಡುತ್ತಾರೆ.