ಹನ್ನೆರಡು ‘ಬಹುದು’ಗಳು

ಭಾರತದ ಕ್ಯಾಥೊಲಿಕ್ ಬಿಷಪರು ರೋಮಿಗೆ ಬರೆದದ್ದು 1969ರ ಏಪ್ರಿಲ್ 15ಕ್ಕೆ. ಒಪ್ಪಿಗೆ ಬಂದದ್ದು ಅದೇ ತಿಂಗಳ 25ಕ್ಕೆ. ಬಲಿಪೂಜೆಯನ್ನು ಈ ನೆಲದ ರೀತಿಗೆ ಒಗ್ಗಿಸುವ ಆ ಹನ್ನೆರಡು ಅಂಶಗಳಿಗಾಗಿ ದುಡಿದವರಲ್ಲಿ ಮುಖ್ಯರು ಫಾದರ್ ಡಿ. ಎಸ್. ಅಮಲೋರ್ಪವದಾಸ್. 1932ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಓದಿ, 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿದವರು. ಆ ಅಂಶಗಳ ತಿರುಳನ್ನು ನನ್ನ ಮಾತಿನಲ್ಲಿ ಬರೆದುಕೊಂಡು ಗಂಗಾವತಿಯಲ್ಲಿ ಕೂತು ಓದುತ್ತಿದ್ದೇನೆ.

1. ನೆಲದ ಮೇಲೆ ಕೂರಬಹುದು, ಪಾದರಕ್ಷೆ ಬಿಡಬಹುದು.

‘ಬಹುದು’ ಎಂಬುದನ್ನು ಗಮನಿಸಿ. ‘ತಕ್ಕದ್ದು’ ಎಂದು ಎಲ್ಲೂ ಇಲ್ಲ. ಆಯ್ಕೆ ಬಿಷಪರದು, ನಮ್ಮ ಕೊಪ್ಪಳ ಜಿಲ್ಲೆಯ ಮಟ್ಟಿಗೆ ಬಳ್ಳಾರಿ ಧರ್ಮಕ್ಷೇತ್ರದ್ದು. ಚಪ್ಪಲಿಯ ಮಾತು ಸುಲಭ, ಹೊಸ್ತಿಲ ಹೊರಗೆ ಬಿಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ನೆಲದ ಮಾತು ಹಾಗಲ್ಲ. ತಲೆಮಾರುಗಳಿಂದ ಗೌಡರ ಕಟ್ಟೆಯ ಕೆಳಗೆ ಮಣ್ಣಲ್ಲಿ ಕೂತುಬಂದ ಮನೆಯವರಿಗೆ ಚರ್ಚಿನ ಬೆಂಚು ಬರಿಯ ಬೆಂಚಲ್ಲ. ಅದರಿಂದ ಇಳಿಸಿ ‘ಇದೇ ನಮ್ಮ ಸಂಸ್ಕೃತಿ’ ಎಂದರೆ ಅವರು ಏನೆಂದುಕೊಳ್ಳಬೇಕು? ಒಳಗೆ ಬಂದದ್ದು ಸಂಸ್ಕೃತದ ಭಾರತ, ಕೇರಿಯದಲ್ಲ ಎಂಬ ದಲಿತ ಕ್ರೈಸ್ತ ಚಿಂತಕರ ಆಕ್ಷೇಪ ನನಗೆ ನ್ಯಾಯವೆನಿಸುತ್ತದೆ. ಆದರೆ ಈ ಸಾಲು ಗುರುಗಳನ್ನೂ ನೆಲಕ್ಕೆ ಕೂರಿಸುತ್ತದೆ. ಅದನ್ನು ಬಿಟ್ಟು ಓದಬಾರದು.

2, 3. ಮೊಣಕಾಲೂರುವ ಬದಲು ಅಂಜಲಿಬದ್ಧರಾಗಿ ಬಾಗಬಹುದು. ಪಂಚಾಂಗ ಪ್ರಣಾಮ ಮಾಡಬಹುದು.

ಎರಡು ಮೊಣಕಾಲು, ಎರಡು ಅಂಗೈ, ಒಂದು ಹಣೆ. ಸಾಷ್ಟಾಂಗದ ಹಾಗೆ ಉದ್ದಕ್ಕೆ ಮಲಗುವುದಲ್ಲ. ಹೆಸರಷ್ಟೇ ಸಂಸ್ಕೃತ, ಈದ್ಗಾದಲ್ಲಿ ನಮಾಜು ನೋಡಿದವರಿಗೆ ಈ ಭಂಗಿ ಹೊಸದಲ್ಲ.

4. ಮುತ್ತಿಡುವ ಬದಲು ಮುಟ್ಟಿ ಕಣ್ಣಿಗೋ ಹಣೆಗೋ ಒತ್ತಿಕೊಳ್ಳಬಹುದು.

ಹನ್ನೆರಡರಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ರೋಮಿನ ರೂಢಿಯಲ್ಲಿ ಗುರುಗಳು ಬಲಿಪೀಠಕ್ಕೆ, ಶುಭಸಂದೇಶದ ಪುಸ್ತಕಕ್ಕೆ ಮುತ್ತಿಡುತ್ತಾರೆ. ನಮ್ಮ ಸಂತೆಯಲ್ಲಿ ತರಕಾರಿ ಮಾರುವಾಕೆ ಬೋಣಿಗೆಯ ಹತ್ತು ರೂಪಾಯಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಗೋಣಿತಾಟಿನ ಕೆಳಗೆ ಸೇರಿಸುತ್ತಾಳೆ. ಪುಸ್ತಕ ಕಾಲಿಗೆ ತಾಗಿದ ಹುಡುಗ ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ, ಒಂದೇ ಕ್ಷಣ, ಓಡುತ್ತಲೇ. ಇದಕ್ಕೆ ಮಂತ್ರ ಬೇಡ, ಜಾತಿಯೂ ಬೇಡ.

5. ಶಾಂತಿಯನ್ನು ಅಂಜಲಿಯಿಂದ, ಇಲ್ಲವೇ ಎದುರಿನವರ ಅಂಗೈಗಳ ನಡುವೆ ಕೈಯಿಟ್ಟು ಹಂಚಿಕೊಳ್ಳಬಹುದು.

ಹಬ್ಬದ ದಿನ ಕೈಗೆ ಕೈ ಸೇರಿಸಿ ಮುಸಾಫಾ ಮಾಡುವ ಊರಿಗೆ ವಿವರಣೆ ಬೇಕಿಲ್ಲ.

6. ಹಿಡಿಕೆಯ ಧೂಪಾರತಿ ಬಳಸಬಹುದು.

ಸರಪಳಿಯಲ್ಲಿ ತೂಗುವ ಪಾತ್ರೆಯ ಬದಲು ಇದು. ಅಲಾಯಿ ಹಬ್ಬದ ಲೋಬಾನದ ವಾಸನೆ ಮೂಗಲ್ಲಿ ಉಳಿದವರಿಗೆ ಕೆಂಡವೂ ಹೊಗೆಯೂ ಹಳೆಯ ಪರಿಚಯವೇ.

7, 8. ಗುರುಗಳ ಮೇಲುವಸ್ತ್ರ ಒಂದೇ ನಿಲುವಂಗಿ, ಜೊತೆಗೆ ಅಂಗವಸ್ತ್ರವಾಗಬಹುದು. ಬಲಿಪೀಠದ ಚೌಕ ಬಟ್ಟೆಯ ಜಾಗಕ್ಕೆ ತಾಂಬೂಲದ ತಟ್ಟೆ ಬರಬಹುದು.

ನಮ್ಮ ಸೆಖೆಗೆ ಮೊದಲನೆಯದು ಕರುಣೆ. ಎಲೆ ಅಡಿಕೆ ಕೊಡುವ ತಟ್ಟೆಯಲ್ಲೇ ಪರಮಪ್ರಸಾದ ಬಂದರೆ, ಮನೆಗೆ ಬಂದವರನ್ನು ಬರಿಗೈಲಿ ಕಳಿಸದ ಮರ್ಯಾದೆಯೂ ಅದರ ಜೊತೆ ಬರುತ್ತದೆ.

9. ಮೇಣದ ಬತ್ತಿಯ ಬದಲು ಎಣ್ಣೆಯ ದೀಪ ಹಚ್ಚಬಹುದು.

ಎಣ್ಣೆ ಹಾಕುತ್ತಿರಬೇಕು, ಕುಡಿ ಸರಿಮಾಡಬೇಕು, ಫ್ಯಾನಿನಿಂದ ಮರೆಮಾಡಬೇಕು. ಯಾರಾದರೊಬ್ಬರು ಅದರ ಹತ್ತಿರ ಇರಲೇಬೇಕಾಗುತ್ತದೆ.

10, 11. ಆರಂಭದಲ್ಲಿ ಆರತಿಯೆತ್ತಿ ಸ್ವಾಗತಿಸಬಹುದು. ಜನರ ಬಿನ್ನಹದಲ್ಲಿ ಆಗ ತೋಚಿದ ಮಾತಿಗೂ ಎಡೆ ಕೊಡಬಹುದು.

ಮಳೆ, ಭತ್ತದ ದರ, ಕಾಲುವೆಗೆ ಬಾರದ ನೀರು ಪ್ರಾರ್ಥನೆಯೊಳಗೆ ಬರಲು ದಾರಿ ಇಲ್ಲಿದೆ.

12. ಕಾಣಿಕೆಯ ಹೊತ್ತಿಗೆ, ರೊಟ್ಟಿ-ದ್ರಾಕ್ಷಾರಸವನ್ನು ಪವಿತ್ರೀಕರಿಸುವ ಮಹಾಪ್ರಾರ್ಥನೆಯ ಕೊನೆಗೆ ಹೂ, ಧೂಪ, ದೀಪದ ಆರತಿ ಎತ್ತಬಹುದು.

‘ಬಹುದು’ ಇಲ್ಲಿಗೆ ಮುಗಿಯಿತು. ಮುಂದೆ ಮಹಾಪ್ರಾರ್ಥನೆಯನ್ನೇ ಭಾರತೀಯವಾಗಿ ರಚಿಸಹೊರಟಾಗ, ಇತರ ಧರ್ಮಗ್ರಂಥಗಳ ವಾಚನಕ್ಕೆ ಕೈಹಾಕಿದಾಗ, 1975ರಲ್ಲಿ ರೋಮ್ ತಡೆಯಿತು. ಸನ್ನೆ ಬದಲಿಸಲು ಹತ್ತು ದಿನ ಸಾಕಾಗಿತ್ತು. ಮಾತಿನ ವಿಷಯಕ್ಕೆ ಬಂದಾಗ ಬಾಗಿಲು ಬಿತ್ತು. ಅಮಲೋರ್ ಮೈಸೂರಿಗೆ ಹೋದರು, ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಕಲಿಸಿದರು, ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಆಶ್ರಮ ಕಟ್ಟಿದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಶ್ರಮಕ್ಕೆ ಅವರಿಟ್ಟ ಹೆಸರು ಎರಡನೇ ಸಾಲಿನಲ್ಲೂ ಐದನೇ ಸಾಲಿನಲ್ಲೂ ಇದೆ: ಅಂಜಲಿ.